ಮನೆ ಕಟ್ಟುವ ಒಪ್ಪಂದದಲ್ಲಿ ‘ಅಂದಾಜು ಮೊತ್ತ’: ಸಹಿ ಹಾಕುವ ಮೊದಲು ಬಿಡಿಸಿ ನೋಡುವುದು ಹೇಗೆ?

ಸಹಿ ಹಾಕುವಾಗ ಒಂದು ಬೆಲೆ, ಮನೆ ಕೈಗೆ ಬರುವ ಹೊತ್ತಿಗೆ ಇನ್ನೊಂದು ಬೆಲೆ. ಈ ದೂರು ಹೊತ್ತು ತುಂಬಾ ಜನ ಒಪ್ಪಂದದ ಪ್ರತಿ ತಂದು ತೋರಿಸುತ್ತಾರೆ. ‘ಎಲ್ಲಿ ತಪ್ಪಿತು ನೋಡಿ’ ಎನ್ನುತ್ತಾರೆ. ನಾನು ಮೊದಲು ಹುಡುಕುವುದು ಅಂದಾಜು ಮೊತ್ತಗಳ ಪಟ್ಟಿಯನ್ನು. ಹೆಚ್ಚಿನ ಸಲ ತಪ್ಪು ಅಲ್ಲೇ ಸಿಗುತ್ತದೆ. ಅದೂ ಮೋಸವೇ ಆಗಿರಬೇಕಿಲ್ಲ. ಆ ಹಾಳೆಯನ್ನು ಯಾರೂ ಸರಿಯಾಗಿ ಓದಿರುವುದಿಲ್ಲ, ಅಷ್ಟೆ.

ಅಂದಾಜು ಮೊತ್ತ ಎಂದರೆ ಬೆಲೆಯಲ್ಲ. ಸಹಿ ಹಾಕುವ ದಿನ ಗೊತ್ತಿಲ್ಲದ ಖರ್ಚಿಗೆ ಹಾಕಿಟ್ಟ ಒಂದು ಅಂಕಿ. ನಿಜವಾದ ಖರ್ಚು ಅದನ್ನು ಮೀರಿದರೆ ಮೀರಿದ ಹಣ ನಿಮ್ಮ ಜೇಬಿನಿಂದ ಹೋಗುತ್ತದೆ. ಕಡಿಮೆ ಬಂದರೆ ಉಳಿದದ್ದು ನಿಮಗೆ ವಾಪಸ್ ಬರಬೇಕು. ‘ಒಟ್ಟು ಬೆಲೆ ಫಿಕ್ಸ್’ ಎಂದು ಬಿಲ್ಡರ್ ಹೇಳಿದರೂ ಈ ಸಾಲುಗಳು ಮಾತ್ರ ಫಿಕ್ಸ್ ಅಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಳತೆ ಮಾಡದೆ ಚೌಕಾಸಿಗೆ ಇಳಿಯುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಪ್ಪಂದದ ಪೂರ್ತಿ ಪ್ರತಿ ಬೇಕು. ಬೆಲೆ ಇರುವ ಹಾಳೆಯೊಂದೇ ಸಾಲದು. ಷರತ್ತುಗಳಿರುವ ಭಾಗವೂ ಬೇಕು, ಸಾಮಾನು ಮತ್ತು ಕೆಲಸದ ವಿವರವಿರುವ ಸ್ಪೆಸಿಫಿಕೇಶನ್ ಕೂಡ ಬೇಕು. ಅಳತೆ ನಮೂದಿಸಿದ ನಕ್ಷೆಗಳು, ಒಂದು ಕ್ಯಾಲ್ಕುಲೇಟರ್, ಎರಡು ಬಣ್ಣದ ಹೈಲೈಟರ್ ಇಟ್ಟುಕೊಳ್ಳಿ. ಲೆಕ್ಕ ಬರೆಯಲು ಸ್ಪ್ರೆಡ್‌ಶೀಟ್ ಇದ್ದರೆ ಒಳ್ಳೆಯದು. ಗೆರೆ ಹಾಕಿದ ಪುಸ್ತಕವೂ ಸಾಕು.

ನಕ್ಷೆ ಇನ್ನೂ ಪೂರ್ತಿಯಾಗಿಲ್ಲ ಎಂದರೆ ಇಲ್ಲೇ ನಿಲ್ಲಿ. ಅರ್ಧ ನಕ್ಷೆಯ ಮೇಲೆ ಮಾಡಿದ ಒಪ್ಪಂದದಲ್ಲಿ ಅಂದಾಜು ಮೊತ್ತಗಳು ಬೆಳೆಯುತ್ತಲೇ ಹೋಗುತ್ತವೆ.

## ಹಂತ 1: ಯಾವ ಸಾಲು ಯಾವ ಬಗೆ ಎಂದು ಗುರುತಿಸಿ

ಪ್ರೈಮ್ ಕಾಸ್ಟ್, ಅಂದರೆ ಪಿಸಿ ಐಟಂ: ನೀವು ಇನ್ನೂ ಆರಿಸದ ವಸ್ತುವಿಗೆ ಇಟ್ಟ ಹಣ. ನಲ್ಲಿ, ಕಮೋಡ್, ವಾಶ್ ಬೇಸಿನ್, ಟೈಲ್ಸ್, ಬಾಗಿಲಿನ ಬೀಗ, ದೀಪಗಳು. ಸಾಮಾನ್ಯವಾಗಿ ಇದು ವಸ್ತುವಿನ ಬೆಲೆ ಮಾತ್ರ. ಕೂರಿಸುವ ಕೂಲಿ ಒಪ್ಪಂದದ ಬೇರೆ ಭಾಗದಲ್ಲಿ ಸೇರಿರುತ್ತದೆ. ಸೇರಿದೆಯೇ ಎಂದು ನೋಡಲೇಬೇಕು.

ಪ್ರೊವಿಷನಲ್ ಸಮ್, ಅಂದರೆ ಪಿಎಸ್: ಎಷ್ಟು ಕೆಲಸ ಬೀಳುತ್ತದೆ ಎಂದು ಈಗಲೇ ಹೇಳಲಾಗದ ಕಡೆ ಇಟ್ಟ ಹಣ. ಇದರಲ್ಲಿ ಸಾಮಾನು, ಕೂಲಿ ಎರಡೂ ಇರುತ್ತವೆ. ಪಾಯ ಅಗೆಯುವಾಗ ಸಿಗಬಹುದಾದ ಬಂಡೆ, ತಡೆಗೋಡೆ, ಮಳೆನೀರು ಹೋಗುವ ವ್ಯವಸ್ಥೆ, ರಸ್ತೆಯಿಂದ ಮನೆಗೆ ನೀರು ಮತ್ತು ವಿದ್ಯುತ್ ಸಂಪರ್ಕ ಈ ಬಗೆಗೆ ಸೇರುತ್ತವೆ.

ಬದಲಾವಣೆ: ಸಹಿ ಆದ ಮೇಲೆ ನೀವು ಕೇಳುವ ಹೊಸ ಕೆಲಸ. ಇದು ಅಂದಾಜು ಮೊತ್ತವಲ್ಲ. ಆದರೆ ಬಿಲ್ಲಿನಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಸೇರಿಲ್ಲದ ಕೆಲಸ: ಒಪ್ಪಂದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕಡಿಮೆ ಅಂದಾಜು ಮೊತ್ತಕ್ಕಿಂತ ಇದು ಅಪಾಯಕಾರಿ. ಅಂದಾಜಿನಲ್ಲಿ ಸ್ವಲ್ಪವಾದರೂ ಹಣ ಇರುತ್ತದೆ, ಇಲ್ಲಿ ಸೊನ್ನೆ. ಕಾಂಪೌಂಡ್ ಗೋಡೆ, ಗೇಟು, ಮಣ್ಣು ಸಾಗಿಸುವುದು ಇಲ್ಲಿ ಅಡಗಿ ಕೂತಿರುತ್ತವೆ.

ಇನ್ನೊಂದು ಮಾತು. ಕೆಲವು ಬಿಲ್ಡರ್‌ಗಳು ಈ ಪದಗಳನ್ನು ಬಳಸುವುದೇ ಇಲ್ಲ. ‘ಅಲೋಯನ್ಸ್’, ‘ಬೇಸಿಕ್ ರೇಟ್’, ‘ಇಂತಿಷ್ಟರವರೆಗೆ’, ‘ನಿಜ ಖರ್ಚಿನಂತೆ’ ಎಂದು ಬರೆದಿರುತ್ತಾರೆ. ಹೆಸರು ಬೇರೆಯಾದರೂ ವಿಷಯ ಒಂದೇ. ನಿಮ್ಮ ಒಪ್ಪಂದದಲ್ಲಿ ಆ ಪದಕ್ಕೆ ಕೊಟ್ಟ ಅರ್ಥವೇ ಕೊನೆಗೆ ನಿಲ್ಲುವುದು. ಅರ್ಥವನ್ನೇ ಬರೆದಿಲ್ಲದಿದ್ದರೆ ಬರೆಸಿ.

## ಹಂತ 2: ಎಲ್ಲವನ್ನೂ ಒಂದೇ ಪಟ್ಟಿಗೆ ತನ್ನಿ

ಒಂದು ಬಣ್ಣದಿಂದ ಪಿಸಿ, ಇನ್ನೊಂದರಿಂದ ಪಿಎಸ್ ಗುರುತು ಮಾಡುತ್ತಾ ಒಪ್ಪಂದವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ. ಬೆಲೆಪಟ್ಟಿಯಲ್ಲಿ ಇರುವುದಷ್ಟೇ ಅಲ್ಲ, ಸ್ಪೆಸಿಫಿಕೇಶನ್ ಒಳಗೆ, ನಕ್ಷೆಯ ಮೂಲೆಯ ಟಿಪ್ಪಣಿಯಲ್ಲಿ ಕೂಡ ಅಂದಾಜು ಮೊತ್ತಗಳು ಸಿಗುತ್ತವೆ.

ಪ್ರತಿಯೊಂದಕ್ಕೂ ಒಂದು ಸಾಲು. ಐಟಂ ಹೆಸರು, ಒಪ್ಪಂದದ ಮೊತ್ತ, ಪ್ರಮಾಣ, ದರ, ತೆರಿಗೆ ಸೇರಿದೆಯೋ ಇಲ್ಲವೋ, ಕೂಲಿ ಸೇರಿದೆಯೋ ಇಲ್ಲವೋ, ನಿಮ್ಮ ಸ್ವಂತ ಅಂದಾಜು, ವ್ಯತ್ಯಾಸ. ಪಟ್ಟಿಯಲ್ಲಿ ಖಾಲಿ ಉಳಿದ ಪ್ರತಿ ಚೌಕವೂ ಬಿಲ್ಡರ್‌ಗೆ ಕೇಳಬೇಕಾದ ಒಂದು ಪ್ರಶ್ನೆ.

ಈಗ ಕೂಡಿಸಿ. ಒಟ್ಟು ಬೆಲೆಯಲ್ಲಿ ಅಂದಾಜು ಮೊತ್ತಗಳ ಪಾಲು ಎಷ್ಟು? ಐದರಲ್ಲಿ ಒಂದು ಪಾಲು ದಾಟಿದ್ದರೆ ಸಹಿ ಹಾಕಬೇಡಿ ಎನ್ನುತ್ತೇನೆ. ಇದು ನಿಯಮವಲ್ಲ, ನನ್ನ ಅಭಿಪ್ರಾಯ. ಅಷ್ಟೊಂದು ವಿಷಯ ಗೊತ್ತಿಲ್ಲದಿದ್ದರೆ ಕೆಲಸ ಶುರು ಮಾಡುವ ಸಮಯ ಇನ್ನೂ ಬಂದಿಲ್ಲ ಎಂದೇ ಅರ್ಥ.

## ಹಂತ 3: ಪ್ರತಿ ಮೊತ್ತದೊಳಗೆ ಏನಿದೆ ಎಂದು ಬಿಡಿಸಿ

‘ಸ್ಯಾನಿಟರಿ ಫಿಟ್ಟಿಂಗ್: ಇಷ್ಟು’ ಎಂದು ಒಂದೇ ಸಾಲು ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಎಷ್ಟು ಬಚ್ಚಲು? ಪ್ರತಿಯೊಂದರಲ್ಲಿ ಏನೇನು? ಬೇಸಿನ್ ಎಂದರೆ ಬೇಸಿನ್ ಮಾತ್ರವೋ, ಅಥವಾ ಕೆಳಗಿನ ಬಾಟಲ್ ಟ್ರ್ಯಾಪ್, ವೇಸ್ಟ್ ಕಪ್ಲಿಂಗ್, ಆಂಗಲ್ ಕಾಕ್ ಕೂಡ ಸೇರಿದೆಯೋ? ಈ ಸಣ್ಣ ಸಾಮಾನುಗಳನ್ನು ಸಾಮಾನ್ಯವಾಗಿ ಅಂಗಡಿಯಲ್ಲಿ ಬೇಸಿನ್ ಜೊತೆ ಕೊಡುವುದಿಲ್ಲ. ಒಂದೊಂದಾಗಿ ಚಿಕ್ಕದೇ. ಮನೆ ಪೂರ್ತಿ ಸೇರಿಸಿದರೆ ಚಿಕ್ಕದಲ್ಲ.

ಪಿಸಿ ಐಟಂಗೆ ನಾಲ್ಕು ಪ್ರಶ್ನೆ ಕೇಳಿ. ಸಾಗಣೆ ಸೇರಿದೆಯೇ? ತೆರಿಗೆ ಸೇರಿದೆಯೇ? ಕೂರಿಸುವ ಕೂಲಿ ಎಲ್ಲಿ ಲೆಕ್ಕವಾಗಿದೆ? ಈ ಬೆಲೆ ಅಂಗಡಿಯ ಪಟ್ಟಿ ಬೆಲೆಯೋ, ಬಿಲ್ಡರ್‌ಗೆ ಸಿಗುವ ರಿಯಾಯಿತಿ ಕಳೆದ ಬೆಲೆಯೋ? ಕೊನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನೀವು ಅಂಗಡಿಗೆ ಹೋಗಿ ಪಟ್ಟಿ ಬೆಲೆ ನೋಡಿ ಆರಿಸುತ್ತೀರಿ. ಬಿಲ್ಡರ್ ಅದನ್ನೇ ರಿಯಾಯಿತಿಯಲ್ಲಿ ಕೊಳ್ಳುತ್ತಾರೆ. ನಿಮ್ಮ ಲೆಕ್ಕಕ್ಕೆ ಯಾವ ಅಂಕಿ ಬರಬೇಕು ಎಂದು ಮೊದಲೇ ಬರೆದಿರಬೇಕು, ಅಲ್ವಾ?

ಟೈಲ್ಸ್‌ಗೆ ಕೂಲಿಯ ಪ್ರಶ್ನೆ ಇನ್ನೂ ಮುಖ್ಯ. ಒಪ್ಪಂದದ ಕೂಲಿ ಸಾಧಾರಣ ಅಳತೆಯ ಟೈಲ್‌ಗೆ ಹಿಡಿದಿರುತ್ತಾರೆ. ನೀವು ತುಂಬಾ ದೊಡ್ಡ ಟೈಲ್ ಆರಿಸಿದರೆ, ಅಥವಾ ಓರೆಯಾಗಿ ಹಾಕಿಸಿದರೆ, ಕೂಲಿಯೂ ಏರುತ್ತದೆ. ಅಂಟು ಮತ್ತು ಟೈಲ್ ಸಂದಿಗೆ ತುಂಬುವ ಗ್ರೌಟ್ ಯಾರ ಲೆಕ್ಕ ಎಂದೂ ಕೇಳಿ.

ಪಿಎಸ್ ಐಟಂಗೆ ಬೇರೆ ಪ್ರಶ್ನೆ: ಈ ಕೆಲಸಕ್ಕೆ ಬೇಕಾದ ದಿನಗಳು ಈಗಿನ ಗಡುವಿನಲ್ಲಿ ಸೇರಿವೆಯೇ? ಕೆಲಸ ಏನೆಂದು ಚೆನ್ನಾಗಿ ವಿವರಿಸಿದ್ದರೆ ಬಿಲ್ಡರ್ ಅದಕ್ಕೆ ಸಮಯವನ್ನೂ ಸೈಟಿನ ಮೇಲ್ಖರ್ಚನ್ನೂ ಮೊದಲೇ ಹಿಡಿಯಬಹುದು. ಸುಮ್ನೆ ‘ಮಣ್ಣಿನ ಕೆಲಸ’ ಎಂದು ಬರೆದಿದ್ದರೆ ನಾಳೆ ಹಣದ ಜೊತೆ ದಿನಗಳನ್ನೂ ಕೇಳುತ್ತಾರೆ. ನೀವು ಬಾಡಿಗೆ ಮನೆಯಲ್ಲಿದ್ದರೆ ಆ ದಿನಗಳಿಗೂ ಬೆಲೆ ಇದೆ.

## ಹಂತ 4: ನೀವೇ ಅಳೆದು ನಿಮ್ಮ ಅಂದಾಜು ಹಾಕಿ

ಜನ ಸೋಲುವುದು ಇಲ್ಲೇ. ಬಿಲ್ಡರ್ ಕೊಟ್ಟ ಅಂಕಿ ದೊಡ್ಡದಾಗಿ ಕಾಣುತ್ತದೆ, ಸಾಕಾಗುತ್ತದೆ ಅನ್ನಿಸುತ್ತದೆ. ಅಳೆದರೆ ಮಾತ್ರ ನಿಜ ಗೊತ್ತಾಗುತ್ತದೆ.

ಒಂದು ಬಚ್ಚಲು ತೆಗೆದುಕೊಳ್ಳಿ. 8 ಅಡಿ ಉದ್ದ, 5 ಅಡಿ ಅಗಲ. ‘40 ಚದರ ಅಡಿ ಟೈಲ್ಸ್’ ಎಂದು ಎಲ್ಲರ ಮನಸ್ಸಿಗೂ ಬರುತ್ತದೆ. ಅದು ನೆಲ ಮಾತ್ರ. ನಾಲ್ಕು ಗೋಡೆಯ ಸುತ್ತಳತೆ 26 ಅಡಿ. 7 ಅಡಿ ಎತ್ತರದವರೆಗೆ ಟೈಲ್ಸ್ ಎಂದರೆ 182 ಚದರ ಅಡಿ. ಎರಡೂವರೆ ಅಡಿ ಅಗಲದ ಬಾಗಿಲಿಗೆ 17.5 ಕಳೆಯಿರಿ, 164.5 ಉಳಿಯಿತು. ನೆಲ ಸೇರಿಸಿದರೆ 204.5. ತುಂಡು, ಒಡಕಿಗೆ 10% ಸೇರಿಸಿ. ಸುಮಾರು 225 ಚದರ ಅಡಿ ಬೇಕು. ಮನಸ್ಸಿಗೆ ಬಂದ 40ರ ಐದು ಪಟ್ಟಿಗೂ ಜಾಸ್ತಿ.

ಓರೆಯಾಗಿ ಹಾಕಿಸಿದರೆ ತುಂಡು ಇನ್ನೂ ಜಾಸ್ತಿ, 15% ಹಿಡಿಯಿರಿ. ಕೋಣೆಗಳಿಗೆ ಗೋಡೆಯ ಬುಡದ ಸ್ಕರ್ಟಿಂಗ್ ಮರೆಯಬೇಡಿ. ಈಗ ಒಪ್ಪಂದದ ಮೊತ್ತವನ್ನು ನಿಮ್ಮ ಚದರ ಅಡಿಯಿಂದ ಭಾಗಿಸಿ. ಸಿಗುವ ದರ ಹಿಡಿದು ಎರಡು ಅಂಗಡಿಗೆ ಹೋಗಿ, ‘ಈ ದರಕ್ಕೆ ಏನು ಸಿಗುತ್ತದೆ ತೋರಿಸಿ’ ಎನ್ನಿ. ಅಲ್ಲಿ ಕಂಡದ್ದು ನಿಮಗೆ ಒಪ್ಪಿಗೆಯಾದರೆ ಮೊತ್ತ ಸರಿ. ಇಲ್ಲವಾದರೆ ಒಪ್ಪಿಗೆಯಾದ ಟೈಲ್‌ನ ದರ ಬರೆದುಕೊಂಡು ಬನ್ನಿ. ನಿಮ್ಮ ಅಂದಾಜು ಅದೇ.

ನಲ್ಲಿ, ದೀಪ, ಬೀಗಕ್ಕೆ ಎಣಿಕೆ ಸಾಕು. ನಕ್ಷೆಯಲ್ಲಿರುವ ಪ್ರತಿ ಬಾಗಿಲು, ಪ್ರತಿ ಪಾಯಿಂಟ್ ಎಣಿಸಿ.

ಮಣ್ಣಿನ ಕೆಲಸಕ್ಕೆ ಬೇರೆ ಲೆಕ್ಕ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಮಣ್ಣಿನ ಬಗೆ ನೋಡಿ ಸುಮಾರು ಕಾಲು ಭಾಗ ಜಾಸ್ತಿಯಾಗುವುದು ಮಾಮೂಲು. ಒಡೆದ ಬಂಡೆ ಇನ್ನೂ ಹೆಚ್ಚು ಉಬ್ಬುತ್ತದೆ. 100 ಘನ ಮೀಟರ್ ಗುಂಡಿ ತೋಡಿದರೆ ಸಾಗಿಸಬೇಕಾದದ್ದು ಸುಮಾರು 125 ಘನ ಮೀಟರ್. ನಮ್ಮ ಮನೆಯ ಕೆಲಸದಲ್ಲಿ ಗುತ್ತಿಗೆದಾರರು ಅಗೆಯುವುದಕ್ಕೂ ಸಾಗಿಸುವುದಕ್ಕೂ ಗುಂಡಿಯ ಅಳತೆಯನ್ನೇ ಹಿಡಿದು ಅಂದಾಜು ಕೊಟ್ಟಿದ್ದರು. ಬಿಲ್ ಮಾತ್ರ ಲಾರಿ ಲೋಡಿನ ಲೆಕ್ಕದಲ್ಲಿ ಬಂತು. ಆ ವ್ಯತ್ಯಾಸಕ್ಕಾಗಿ ತಿಂಗಳುಗಟ್ಟಲೆ ಮನಸ್ತಾಪವಾಯಿತು. ಗುಂಡಿಯ ಅಳತೆಯೋ, ಲಾರಿಯ ಅಳತೆಯೋ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

## ಹಂತ 5: ಮಾರ್ಜಿನ್ ಷರತ್ತನ್ನು ಅಂಕಿ ಹಾಕಿ ಓದಿ

ನಿಜ ಖರ್ಚು ಮೀರಿದರೆ ಮೀರಿದ ಹಣದ ಮೇಲೆ ಬಿಲ್ಡರ್ ತಮ್ಮ ಮೇಲ್ಖರ್ಚು ಮತ್ತು ಲಾಭದ ಶೇಕಡಾವಾರು ಸೇರಿಸುವುದು ರೂಢಿ. ಮಾರ್ಜಿನ್ ಎಂದರೆ ಇದೇ. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ಬಳಸುವ ಫಿಡಿಕ್ ಮಾದರಿ ಒಪ್ಪಂದದಲ್ಲೂ ನಿಜ ಖರ್ಚಿನ ಮೇಲೆ ಇಂಥ ಶೇಕಡಾವಾರಿಗೆ ಅವಕಾಶ ಇದೆ. ಮಾರ್ಜಿನ್ ಇರುವುದು ತಪ್ಪಲ್ಲ. ಅದು ಯಾವ ಅಂಕಿಯ ಮೇಲೆ ಎಂಬುದೇ ಮುಖ್ಯ.

ಟೈಲ್ಸ್‌ಗೆ ಒಪ್ಪಂದದಲ್ಲಿ 40 ಇಟ್ಟಿದ್ದಾರೆ, ನಿಜ ಖರ್ಚು 52 ಆಯಿತು, ಮಾರ್ಜಿನ್ 15% ಎಂದುಕೊಳ್ಳಿ. ಅಂಕಿಗಳನ್ನು ಸಾವಿರ ರೂಪಾಯಿ ಎಂದು ಓದಿಕೊಳ್ಳಿ. ಮೀರಿದ 12ರ ಮೇಲೆ ಮಾತ್ರ ಮಾರ್ಜಿನ್ ಎಂದಾದರೆ 1.8. ನೀವು ಜಾಸ್ತಿ ಕೊಡುವುದು 13.8. ಪೂರ್ತಿ 52ರ ಮೇಲೆ ಮಾರ್ಜಿನ್ ಎಂದು ಬರೆದಿದ್ದರೆ ಅದೇ 7.8 ಆಗುತ್ತದೆ. ಆಗ ಕೊಡುವುದು 19.8. ಮೊದಲ 40ರ ಮೇಲಿನ ಲಾಭ ಒಟ್ಟು ಬೆಲೆಯಲ್ಲಿ ಆಗಲೇ ಸೇರಿದ್ದರೆ ಅದಕ್ಕೆ ಎರಡು ಸಲ ಕೊಟ್ಟಂತಾಯಿತು.

ಈಗ ತಿರುಗಿಸಿ ನೋಡಿ. ಖರ್ಚು 34 ಮಾತ್ರ ಬಂತು. 6 ವಾಪಸ್ ಬರಬೇಕು. ಆ 6ರ ಮೇಲಿನ ಮಾರ್ಜಿನ್ ಕೂಡ ವಾಪಸ್ ಬರುತ್ತದೆಯೇ? ಎಷ್ಟೋ ಒಪ್ಪಂದಗಳಲ್ಲಿ ಬರುವುದಿಲ್ಲ. ಕೆಲವದರಲ್ಲಿ ಕಡಿಮೆಯಾದಾಗ ಏನು ಮಾಡಬೇಕು ಎಂಬ ಮಾತೇ ಇರುವುದಿಲ್ಲ. ಹಾಗಿದ್ದರೆ ‘ಕಡಿಮೆ ಬಂದ ಹಣವನ್ನು ಒಟ್ಟು ಬೆಲೆಯಿಂದ ಕಳೆಯಬೇಕು’ ಎಂದು ಸ್ಪಷ್ಟವಾಗಿ ಬರೆಸಿ.

ಮಾರ್ಜಿನ್‌ಗೆ ಶೇಕಡಾ ಅಂಕಿ ಇಲ್ಲದೆ ‘ಸೂಕ್ತ ಶುಲ್ಕ’ ಎಂದಷ್ಟೇ ಇದ್ದರೆ ಒಪ್ಪಬೇಡಿ.

## ಹಂತ 6: ಕೊಟೇಶನ್‌ಗಳನ್ನು ಸಮ ಮಾಡಿ ಹೋಲಿಸಿ

ಕಡಿಮೆ ಬೆಲೆಯ ಕೊಟೇಶನ್ ನಿಜಕ್ಕೂ ಕಡಿಮೆಯೇ? ಮೊದಲನೆಯವರು 1000 ಹೇಳಿದ್ದಾರೆ, ಅದರಲ್ಲಿ ಅಂದಾಜು ಮೊತ್ತ 150. ಎರಡನೆಯವರು 1040 ಹೇಳಿದ್ದಾರೆ, ಅದರಲ್ಲಿ ಅಂದಾಜು ಮೊತ್ತ 230. ಇಬ್ಬರ ಪಟ್ಟಿಯಲ್ಲೂ ಅವೇ ಐಟಂಗಳು. ನೀವು ಅಳೆದು ಹಾಕಿದ ಅಂದಾಜು 240.

ಇಬ್ಬರ ಅಂದಾಜನ್ನೂ ತೆಗೆದು ನಿಮ್ಮ 240 ಇಡಿ. ಮೊದಲನೆಯವರದು 850 ಮತ್ತು 240, ಒಟ್ಟು 1090. ಎರಡನೆಯವರದು 810 ಮತ್ತು 240, ಒಟ್ಟು 1050. ಮೀರಿದ ಹಣದ ಮೇಲೆ 15% ಮಾರ್ಜಿನ್ ಸೇರಿಸಿದರೆ 1103.5 ಮತ್ತು 1051.5. ದುಬಾರಿ ಎಂದು ಪಕ್ಕಕ್ಕೆ ಇಟ್ಟವರೇ ಅಗ್ಗವಾದರು.

ಮೊದಲನೆಯವರು ಬೇಕೆಂದೇ ಕಡಿಮೆ ತೋರಿಸಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಅಂದಾಜು ಕಡಿಮೆ ಇಟ್ಟರೆ ಒಟ್ಟು ಬೆಲೆ ಕಡಿಮೆ ಕಾಣುತ್ತದೆ, ಅದು ಅವರಿಗೆ ಅನುಕೂಲ. ಇಬ್ಬರಲ್ಲಿ ಒಬ್ಬರ ಪಟ್ಟಿಯಲ್ಲಿ ಒಂದು ಐಟಂ ಇಲ್ಲವೇ ಇಲ್ಲ ಎಂದಾದರೆ, ಅದು ಫಿಕ್ಸ್ ಬೆಲೆಯಲ್ಲಿ ಸೇರಿದೆಯೋ ಅಥವಾ ಸೇರಿಲ್ಲದ ಕೆಲಸವೋ ಎಂದು ಕೇಳಿ ತಿಳಿದ ಮೇಲೆಯೇ ಕೂಡಿಸಿ.

## ಹಂತ 7: ಸಹಿಗೆ ಮೊದಲು ಆದಷ್ಟನ್ನು ಫಿಕ್ಸ್ ಮಾಡಿ

ಪಿಸಿ ಐಟಂ ಕಡಿಮೆ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಈಗಲೇ ಆರಿಸಿ. ಕಂಪನಿ, ಮಾಡೆಲ್, ಬಣ್ಣ, ಸಂಖ್ಯೆ ಬರೆದುಕೊಟ್ಟರೆ ಅದು ಅಂದಾಜಲ್ಲ, ಫಿಕ್ಸ್ ಬೆಲೆ. ಎಲ್ಲ ಆಗದಿದ್ದರೆ ಮೊತ್ತ ದೊಡ್ಡದಿರುವ ಐದಾರನ್ನಾದರೂ ಆರಿಸಿ.

ಪಿಎಸ್ ಕಡಿಮೆಯಾಗುವುದು ತನಿಖೆಯಿಂದ. ಮಣ್ಣಿನ ಪರೀಕ್ಷೆ ಮಾಡಿಸಿ, ಅದರ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್‌ರಿಂದ ಪಾಯದ ನಕ್ಷೆ ಮಾಡಿಸಿ. ಪರೀಕ್ಷೆಯ ಖರ್ಚು ಉಳಿಸಲು ಹೋಗಿ ಪಾಯದಲ್ಲಿ ಅದರ ಎಷ್ಟೋ ಪಟ್ಟು ಕಳೆದುಕೊಂಡವರನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ.

ಇಷ್ಟಾದರೂ ಬಂಡೆ ಸಿಗಬಹುದು. ಅದಕ್ಕೆ ಒಳ್ಳೆಯ ದಾರಿ ಎಂದರೆ ಪ್ರಮಾಣ ತೆರೆದಿಟ್ಟು ದರ ಫಿಕ್ಸ್ ಮಾಡುವುದು. ಬಂಡೆ ಒಡೆಯುವುದಕ್ಕೆ ಘನ ಮೀಟರ್‌ಗೆ ಇಷ್ಟು, ಸಾಗಿಸುವುದಕ್ಕೆ ಇಷ್ಟು ಎಂದು ಬರೆಸಿ. ‘ಬಂಡೆ’ ಎಂದರೆ ಏನು ಎಂಬುದನ್ನೂ ಬರೆಸಿ. ಉದಾಹರಣೆಗೆ, ಇಂಥ ಸಾಮರ್ಥ್ಯದ ಯಂತ್ರದ ಬಕೆಟ್‌ನಿಂದ ಅಗೆಯಲಾಗದೆ ಬ್ರೇಕರ್ ಬೇಕಾಗುವುದು ಮಾತ್ರ ಬಂಡೆ. ಇಲ್ಲದಿದ್ದರೆ ಗಟ್ಟಿ ಮಣ್ಣೂ ಬಂಡೆಯ ದರದಲ್ಲಿ ಬಿಲ್ ಆಗುತ್ತದೆ. ಅಗೆದ ಮೇಲೆ, ಮುಚ್ಚುವ ಮೊದಲು, ಇಬ್ಬರೂ ಸೇರಿ ಅಳೆಯಬೇಕು ಎಂಬ ಮಾತೂ ಇರಲಿ.

‘ಟೈಲ್ಸ್ ನಾವೇ ತಂದುಕೊಡುತ್ತೇವೆ’ ಎಂದು ಐಟಂ ತೆಗೆಸುವವರು ಇದ್ದಾರೆ. ಮಾಡಬಹುದು. ಆದರೆ ತಡವಾಗಿ ಬಂದರೆ, ಒಡೆದು ಬಂದರೆ, ಆಮೇಲೆ ದೋಷ ಕಂಡರೆ ಹೊಣೆ ನಿಮ್ಮದಾಗುತ್ತದೆ. ಒಪ್ಪಂದದಿಂದ ಎಷ್ಟು ಹಣ ಕಳೆಯುತ್ತಾರೆ ಎಂದು ಕೇಳಿಯೇ ತೀರ್ಮಾನಿಸಿ.

ಉಳಿದ ಅಂದಾಜುಗಳಿಗೆ ನಿಮ್ಮ ಅಂಕಿಯನ್ನೇ ಹಾಕಿಸಿ. ಒಟ್ಟು ಬೆಲೆ ಏರುತ್ತದೆ, ನಿಜ. ಏರಲಿ. ಬ್ಯಾಂಕ್ ಸಾಲ ಲೆಕ್ಕ ಹಾಕುವುದು ಸಾಮಾನ್ಯವಾಗಿ ಒಪ್ಪಂದದ ಬೆಲೆಯನ್ನು ನೋಡಿ. ಮಧ್ಯದಲ್ಲಿ ಮೀರಿದ ಹಣವನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ, ಆಗ ಕೆಲಸ ನಿಲ್ಲುತ್ತದೆ. ಇದಲ್ಲದೆ ತುರ್ತಿಗೆ ಎಂದು ನಿಮ್ಮ ಬಳಿ ಬೇರೆ ಹಣ ಇಟ್ಟುಕೊಳ್ಳಿ. ಅಂದಾಜು ಮೊತ್ತವನ್ನು ತುರ್ತು ಹಣ ಎಂದುಕೊಳ್ಳಬೇಡಿ. ಅದು ಖರ್ಚಾಗಿಯೇ ಆಗುತ್ತದೆ.

## ಹಂತ 8: ಕೆಲಸ ನಡೆಯುವಾಗ ಕಾಯ್ದುಕೊಳ್ಳಿ

ಒಂದೇ ನಿಯಮ: ಬರಹದ ಒಪ್ಪಿಗೆ ಇಲ್ಲದೆ ಅಂದಾಜು ಮೊತ್ತ ಮೀರುವಂತಿಲ್ಲ. ಮೀರುತ್ತದೆ ಎಂದು ಕಂಡ ಕೂಡಲೇ ಬಿಲ್ಡರ್ ತಿಳಿಸಬೇಕು, ಕೊಟೇಶನ್ ತೋರಿಸಬೇಕು, ನೀವು ಒಪ್ಪಬೇಕು, ಆಮೇಲೆ ಕೆಲಸ. ಒಪ್ಪಿಗೆ ಫೋನಿನಲ್ಲಿ ಕೊಟ್ಟರೆ ಅದೇ ದಿನ ಮೆಸೇಜ್ ಹಾಕಿ, ಮೊತ್ತ ಬರೆದು.

ನೀವೂ ತಡ ಮಾಡಬಾರದು. ಗೋಡೆಯೊಳಗೆ ಕೂರುವ ನಲ್ಲಿಯ ಭಾಗವನ್ನು ಪೈಪ್ ಎಳೆಯುವ ಮೊದಲೇ ಆರಿಸಿರಬೇಕು. ದೀಪದ ಜಾಗ ವೈರಿಂಗ್‌ಗೆ ಮೊದಲು. ಅಡುಗೆಮನೆಯ ಸಿಂಕ್, ಒಲೆಯ ಜಾಗ ಪ್ಲಂಬಿಂಗ್‌ಗೆ ಮೊದಲು. ಟೈಲ್ ದಪ್ಪ ನೆಲದ ಮಟ್ಟ ಮಾಡುವ ಮೊದಲು. ದಿನಾಂಕ ಹಾಕಿದ ಆಯ್ಕೆ ಪಟ್ಟಿಯನ್ನು ಬಿಲ್ಡರ್ ಕಡೆಯಿಂದ ಬರೆಸಿಕೊಳ್ಳಿ. ಕೊನೆ ಗಳಿಗೆಯಲ್ಲಿ ಆರಿಸಿದರೆ ಅಂಗಡಿಯಲ್ಲಿ ಇದ್ದದ್ದನ್ನು ಇದ್ದ ಬೆಲೆಗೆ ಕೊಳ್ಳಬೇಕಾಗುತ್ತದೆ.

ಪ್ರತಿ ಐಟಂ ಮುಗಿದ ಕೂಡಲೇ ಅಂಗಡಿ ಬಿಲ್, ಉಪಗುತ್ತಿಗೆದಾರರ ಬಿಲ್ ಕೇಳಿ. ಕೂಲಿ ಲೆಕ್ಕ ಇದ್ದರೆ ಎಷ್ಟು ಜನ, ಎಷ್ಟು ದಿನ ಎಂಬ ಪಟ್ಟಿ ಕೇಳಿ. ಹಂತ 2ರ ಪಟ್ಟಿಯಲ್ಲೇ ಇನ್ನೆರಡು ಕಾಲಂ ಎಳೆದು ನಿಜ ಖರ್ಚು, ವ್ಯತ್ಯಾಸ ತುಂಬಿಸಿ. ಮುಂದಿನ ಕಂತಿನಲ್ಲೇ ಅದನ್ನು ಸರಿಹೊಂದಿಸಿ.

## ಎಚ್ಚರಿಕೆಯ ಗುರುತುಗಳು

ಎಲ್ಲ ಮೊತ್ತಗಳೂ ದುಂಡು ಅಂಕಿಯಾಗಿದ್ದರೆ ಯಾರೂ ಅಳೆದಿಲ್ಲ. ಪ್ರಮಾಣವಾಗಲಿ ದರವಾಗಲಿ ಇಲ್ಲದೆ ಮೊತ್ತ ಮಾತ್ರ ಇದ್ದರೂ ಹಾಗೆಯೇ. ನಕ್ಷೆಯಲ್ಲಿ ಸ್ಪಷ್ಟವಾಗಿ ಅಳತೆ ಇರುವ ಕೆಲಸ, ಉದಾಹರಣೆಗೆ ಗಾರೆ ಅಥವಾ ತಾರಸಿ, ಪಿಎಸ್ ಎಂದು ಇದ್ದರೆ ಯಾಕೆ ಎಂದು ಕೇಳಲೇಬೇಕು. ‘ಎಲ್ಲರಿಗೂ ಇಷ್ಟೇ ಹಾಕುತ್ತೇವೆ’ ಎಂಬ ಉತ್ತರ ಉತ್ತರವಲ್ಲ. ನಿಮ್ಮ ಮನೆಯ ಅಳತೆ ಎಲ್ಲರ ಮನೆಯದಲ್ಲವಲ್ಲ.

ಕೆಲಸ ಶುರುವಾದ ಮೇಲೆ ಬಿಲ್ ಕೇಳಿದಾಗ ‘ಕೊನೆಗೆ ಒಟ್ಟಿಗೆ ನೋಡೋಣ’ ಎಂದರೆ ಅಲ್ಲೇ ನಿಲ್ಲಿಸಿ ಕೇಳಿ. ಕೊನೆಗೆ ಉಳಿಸಿದ ಲೆಕ್ಕದಲ್ಲಿ ಮೀರಿದ್ದೆಲ್ಲ ನೆನಪಿರುತ್ತದೆ, ಉಳಿದದ್ದು ಮರೆತುಹೋಗುತ್ತದೆ.

## ಹಂತ 9: ಕೊನೆಯ ಬಿಲ್

ಕೊನೆಯ ಕಂತು ಕೊಡುವ ಮೊದಲು ಅಂದಾಜು ಮೊತ್ತಗಳ ಹೊಂದಾಣಿಕೆ ಪಟ್ಟಿಯನ್ನು ಪ್ರತ್ಯೇಕ ಹಾಳೆಯಲ್ಲಿ ಕೇಳಿ. ಬದಲಾವಣೆಗಳ ಪಟ್ಟಿ ಬೇರೆ ಹಾಳೆಯಲ್ಲಿರಲಿ. ನಿಮ್ಮ ಪಟ್ಟಿಯ ಜೊತೆ ಸಾಲು ಸಾಲಾಗಿ ತಾಳೆ ನೋಡಿ. ಪ್ರತಿ ಅಂದಾಜು ಮೊತ್ತವೂ ಆ ಹಾಳೆಯಲ್ಲಿ ಕಾಣಬೇಕು, ಸೊನ್ನೆ ವ್ಯತ್ಯಾಸ ಇದ್ದರೂ ಸರಿ. ಬಳಕೆಯೇ ಆಗದ ಮೊತ್ತಗಳನ್ನು ಮೊದಲು ಹುಡುಕಿ. ಬಂಡೆ ಸಿಗಲೇ ಇಲ್ಲ ಎಂದಾದರೆ ಬಂಡೆಗೆ ಇಟ್ಟ ಪೂರ್ತಿ ಹಣ ಕಳೆದಿರಬೇಕು. ತಪ್ಪಿಹೋಗುವುದು ಹೆಚ್ಚಾಗಿ ಇದೇ ಸಾಲು.

ಬಿಲ್ ಇಲ್ಲದ ಐಟಂಗೆ ಮೀರಿದ ಹಣ ಕೇಳಿದರೆ, ಬಿಲ್ ಬರುವವರೆಗೆ ಆ ಒಂದು ಸಾಲಿನ ಹಣವನ್ನು ಮಾತ್ರ ತಡೆಹಿಡಿಯಲು ಷರತ್ತು ಅವಕಾಶ ಕೊಡುತ್ತದೆಯೇ ನೋಡಿ. ಪೂರ್ತಿ ಕಂತು ನಿಲ್ಲಿಸಿದರೆ ಒಪ್ಪಂದ ಮುರಿದವರು ನೀವೇ ಆಗಬಹುದು. ಯಾವ ಸಾಲು, ಎಷ್ಟು ಮೊತ್ತ, ಯಾವ ಬಿಲ್ ಬೇಕು ಎಂದು ಪತ್ರ ಬರೆದು, ಒಪ್ಪಿಗೆಯಾದ ಉಳಿದ ಹಣವನ್ನು ಅದರ ಜೊತೆಗೇ ಕೊಟ್ಟುಬಿಡಿ.